ಭಾವನ ಸುಧಾರಿತ ಟೇಪು

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ಅವಸರದ ಕೆಲಸ ಎಂದು ನಮ್ಮ ಭಾವ ಈಗಲೂ ವಾದಿಸುತ್ತಾರೆ. ಅದಕ್ಕೂ ಮೊದಲು ಮುಗಿಸಬೇಕಾಗಿದ್ದ ಒಂದು ಕೆಲಸ ಭೂಮಿಯ ಮೇಲೆ ಬಾಕಿ ಇತ್ತಂತೆ. ಯಾವುದು ಹೇಳಿ ನೋಡೋಣ? ಹಸಿವು ನೀಗಿಸುವುದಲ್ಲ, ರೋಗಕ್ಕೆ ಮದ್ದು ಹುಡುಕುವುದೂ ಅಲ್ಲ. ದರ್ಜಿಯ ಟೇಪನ್ನು ಸುಧಾರಿಸುವುದು! ಹೊಲಿಗೆ ಯಂತ್ರಕ್ಕೆ ಕರೆಂಟು ಬಂತು, ಇಸ್ತ್ರಿಪೆಟ್ಟಿಗೆ ಕೆಂಡ ಬಿಟ್ಟು ಹಬೆ ಹಿಡಿಯಿತು, ಗುಂಡಿ ಹೋಗಿ ಜಿಪ್ ಬಂತು. ಟೇಪು ಮಾತ್ರ ಅವರ ಅಜ್ಜನ ಕೊರಳಲ್ಲಿ ಹೇಗೆ ನೇತಾಡುತ್ತಿತ್ತೋ ಇವರ ಕೊರಳಲ್ಲೂ ಹಾಗೆಯೇ ನೇತಾಡುತ್ತಿದೆ. ಇದು ದರ್ಜಿ ಕುಲಕ್ಕೇ ನಾಚಿಕೆ ಎಂದು ಅವರು ಹೇಳುವಾಗ ಎದುರಿಗಿದ್ದವರಿಗೂ ಸ್ವಲ್ಪ ನಾಚಿಕೆಯಾಗುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಂಕೋಲೆಯ ಬಸ್‌ಸ್ಟ್ಯಾಂಡಿನಿಂದ ಎರಡು ತಿರುವು ದಾಟಿದರೆ ಅವರ ಮನೆ, ಮನೆಯ ಮುಂಭಾಗವೇ ಅಂಗಡಿ. ಮೂವತ್ತು ವರ್ಷದಿಂದ ಅಲ್ಲಿ ಕೂತು ಗಂಡಸರ ಪ್ಯಾಂಟು ಶರ್ಟು, ಹೆಂಗಸರ ಬ್ಲೌಸು ಎಲ್ಲ ಹೊಲಿಯುತ್ತಿದ್ದಾರೆ. ಹೆಂಗಸರ ಅಳತೆಯನ್ನು ಅಕ್ಕ ತೆಗೆದು ಹೇಳುತ್ತಾಳೆ, ಭಾವ ಗೋಡೆಯ ಕಡೆ ಮುಖ ಮಾಡಿ ಬರೆದುಕೊಳ್ಳುತ್ತಾರೆ. ಹುಕ್ಕು, ಕಾಜಾ, ಕೈಹೊಲಿಗೆ ಅಕ್ಕನ ಪಾಲು. ನಾನು ಕಾಳಿ ಸೇತುವೆಯ ಆಚೆ ಚಿತ್ತಾಕುಲದವನು, ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತ. ಭಾನುವಾರ ಬಂತೆಂದರೆ ಅಕ್ಕನ ಕೈಯ ಮೀನುಸಾರಿಗಾಗಿ ಅಂಕೋಲೆಗೆ ಓಡುತ್ತೇನೆ. ಸಾರು ಬಡಿಸುವ ಮೊದಲು ಭಾವ ಒಂದು ಹೊಸ ಟೇಪು ತೋರಿಸುತ್ತಾರೆ. ಅದನ್ನು ನಾಲ್ಕು ಮಾತು ಹೊಗಳದೆ ತಟ್ಟೆಯ ಮುಂದೆ ಕೂರುವಂತಿಲ್ಲ.

ಮೊದಲ ಸುಧಾರಣೆ ಟೇಪಿನ ಎರಡು ತಲೆಯದ್ದು. ನೀವು ಗಮನಿಸಿದ್ದೀರೋ ಇಲ್ಲವೋ, ಟೇಪಿನ ಒಂದು ಮಗ್ಗುಲಲ್ಲಿ ಇಂಚು, ಇನ್ನೊಂದು ಮಗ್ಗುಲಲ್ಲಿ ಸೆಂಟಿಮೀಟರು. ಒಂದು ಈ ತುದಿಯಿಂದ ಶುರುವಾದರೆ ಇನ್ನೊಂದು ಆ ತುದಿಯಿಂದ. ಭಾವ ಯಾವ ತುದಿ ಹಿಡಿದರೂ ಅದು ಬೇಡದ ತುದಿಯೇ ಆಗಿರುತ್ತಿತ್ತು. ಸೆಂಟಿಮೀಟರಿನಲ್ಲಿ ಪ್ಯಾಂಟು ಹೊಲಿಸುವವನು ಅಂಕೋಲಾ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ, ಮತ್ತೆ ಯಾಕೆ ಅದನ್ನು ಹೊತ್ತುಕೊಂಡು ತಿರುಗಬೇಕು ಎಂದು ಆ ಮಗ್ಗುಲಿಗೆ ನೀಲಿ ಬಣ್ಣ ಬಳಿದರು. ದೋಣಿಗೆ ಬಳಿಯುವ ಬಣ್ಣ, ಉಪ್ಪುನೀರಿಗೂ ಹೋಗುವುದಿಲ್ಲ ಎಂದು ಕೊಟ್ಟವನು ಆಣೆ ಮಾಡಿ ಹೇಳಿದ್ದನಂತೆ. ಉಪ್ಪುನೀರಿಗೆ ಹೋಗುತ್ತಿರಲಿಲ್ಲವೇನೋ, ಬೆವರಿಗೆ ಹೋಯಿತು. ಬೇಸಗೆಯ ಮಧ್ಯಾಹ್ನ ಬಿಳಿ ಅಂಗಿಯಲ್ಲಿ ಬಂದ ಕಾಲೇಜಿನ ಮೇಷ್ಟ್ರೊಬ್ಬರು ಎದೆಗೊಂದು ಸೊಂಟಕ್ಕೊಂದು ನೀಲಿ ಪಟ್ಟೆ ಹೊತ್ತುಕೊಂಡು ಕ್ಲಾಸಿಗೆ ಹೋದರು. ಆ ಅಂಗಿಯ ಬದಲು ಭಾವ ಅವರಿಗೆ ಹೊಸ ಅಂಗಿ ಹೊಲಿದುಕೊಟ್ಟರು. ಅಳತೆ ತೆಗೆಯಲು ಮಾತ್ರ ಮೇಷ್ಟ್ರು ಬಿಡಲಿಲ್ಲ, ಹಳೆಯ ಅಂಗಿಯನ್ನೇ ಮಾದರಿಗೆ ಕಳಿಸಿದರು.

ಎರಡನೆಯದು ಹೊಟ್ಟೆಯ ಸಮಸ್ಯೆ. ಟೇಪು ಕಂಡ ಕೂಡಲೇ ಗಂಡಸು ಉಸಿರು ಒಳಗೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಳ್ಳುತ್ತಾನೆ. ಆ ಅಳತೆಗೆ ಪ್ಯಾಂಟು ಹೊಲಿದರೆ ಮೊದಲ ಊಟಕ್ಕೇ ಗುಂಡಿ ಹಾರುತ್ತದೆ, ಬೈಗುಳ ದರ್ಜಿಗೆ. ಇದಕ್ಕೆ ಭಾವ ಟೇಪಿನ ತುದಿಗೆ ರಬ್ಬರು ಸೇರಿಸಿ ಅದಕ್ಕೆ ಒಂದು ಗೆಜ್ಜೆ ಹೊಲಿದರು. ಟೇಪನ್ನು ಸೊಂಟಕ್ಕೆ ಸುತ್ತಿ ಕಾಯುವುದು. ಹೊಟ್ಟೆ ತನ್ನ ನಿಜವಾದ ಜಾಗಕ್ಕೆ ಬಂದಾಗ ರಬ್ಬರು ಎಳೆದು ಗೆಜ್ಜೆ ಝಣ್ ಎನ್ನಬೇಕು, ಆಗ ಬರೆದುಕೊಳ್ಳುವುದು. ಒಂದು ವಾರ ಅಂಗಡಿಯಲ್ಲಿ ಝಣ್ ಝಣ್ ಎಂದಿದ್ದೇ ಎಂದಿದ್ದು! ಆಮೇಲೆ ಅಗಸೂರಿನ ಹಿರಿಯರೊಬ್ಬರು ಬಂದರು. ಮಗಳ ಮದುವೆಗೆ ಸಫಾರಿ ಹೊಲಿಸಬೇಕಿತ್ತು. ಮರ್ಯಾದಸ್ಥರು, ಗೆಜ್ಜೆ ಉಲಿದರೆ ಅವಮಾನ ಎಂದುಕೊಂಡರೋ ಏನೋ, ಉಸಿರು ಹಿಡಿದು ನಿಂತೇ ಬಿಟ್ಟರು. ಭಾವನೂ ಬಿಡಲಿಲ್ಲ. ಮುಖ ಕೆಂಪಾಗಿ, ಕಿವಿ ಕೆಂಪಾಗಿ, ಕಣ್ಣಲ್ಲಿ ನೀರು ಬಂದರೂ ಗೆಜ್ಜೆ ಮಾತ್ರ ಸುಮ್ಮನಿತ್ತು. ಒಳಗಿಂದ ಹುಕ್ಕು ಹೊಲಿಯುತ್ತಿದ್ದ ಅಕ್ಕ ತಲೆಯೆತ್ತದೆ, ಮದುವೆ ಹುಡುಗ ಹೇಗೆ, ಬೀಗರು ಹೇಗೆ ಎಂದು ಒಂದು ಮಾತು ಕೇಳಿದಳು ಅಷ್ಟೇ. ಅವರು ಬಾಯಿ ತೆರೆದದ್ದೇ ತಡ, ಗೆಜ್ಜೆ ಕಿತ್ತುಕೊಂಡು ಹೋಗಿ ಹೊಲಿಗೆ ಯಂತ್ರದ ಅಡಿ ಬಿತ್ತು. ಬೀಗರ ವಿಷಯ ಮುಗಿಯಲು ಅರ್ಧ ಗಂಟೆ ಬೇಕಾಯಿತು. ಅಂದಿನಿಂದ ಅಕ್ಕ ಎಲ್ಲರನ್ನೂ ಮಾತಿಗೆಳೆಯತೊಡಗಿದಳು, ಗೆಜ್ಜೆಯಿಲ್ಲದೆಯೇ ಅಳತೆ ಸರಿ ಬರತೊಡಗಿತು. ಇದನ್ನು ಭಾವ ಸುಧಾರಣೆ ಎಂದು ಒಪ್ಪುವುದಿಲ್ಲ. ಟೇಪಿನಲ್ಲಿ ಏನೂ ಬದಲಾಗಲಿಲ್ಲವಲ್ಲ!

ಮೂರನೆಯದು ಕ್ಲಿಪ್ಪಿನ ಟೇಪು. ಬೆನ್ನಿನ ಉದ್ದ ಅಳೆಯಲು ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಬರೆದುಕೊಳ್ಳಲು ಮೂರನೇ ಕೈ ಎಲ್ಲಿಂದ ತರುವುದು? ಬಟ್ಟೆ ಒಣಗಿಸುವ ಕ್ಲಿಪ್ಪನ್ನು ಟೇಪಿನ ತಲೆಗೆ ಹೊಲಿದು, ಅದನ್ನು ಗಿರಾಕಿಯ ಕಾಲರಿಗೆ ಕಚ್ಚಿಸಿ, ಆರಾಮವಾಗಿ ಬರೆದುಕೊಳ್ಳತೊಡಗಿದರು. ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ಒಬ್ಬರು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅಳತೆ ಕೊಡಲು ಬಂದಿದ್ದರು. ಭಾವ ಕ್ಲಿಪ್ಪು ಹಾಕಿ ಪೆನ್ಸಿಲನ್ನು ಚೂಪು ಮಾಡುತ್ತಿರುವಾಗ ಹೊರಗೆ ಬಸ್ಸಿನ ಹಾರನ್ ಕೇಳಿತು. ಆ ಮನುಷ್ಯ ಓಡಿಯೇ ಬಿಟ್ಟರು, ಬೆನ್ನ ಮೇಲೆ ಐದಡಿ ಟೇಪು ಸಮೇತ.

ಕಚೇರಿಯಲ್ಲಿ ನನ್ನ ಫೋನು ಹೊಡೆದುಕೊಂಡಿತು. "ಕಾರವಾರ ಸ್ಟ್ಯಾಂಡಿನಾಗೆ ಬಾಲ ಇದ್ದವ್ರು ಒಬ್ರು ಇಳೀತ್ರು ಮಾರಾಯ, ಹಿಡಕೊ" ಎಂದರು ಭಾವ.

ಊಟದ ಬಿಡುವಿನಲ್ಲಿ ಹೋಗಿ ಹಿಡಿದೆ. ಗುರುತಿಸುವುದೇನು ಕಷ್ಟವಿರಲಿಲ್ಲ. ಹಿಂದಿನ ಸೀಟಿನ ಹೆಂಗಸೊಬ್ಬರು ದಾರಿಯುದ್ದಕ್ಕೂ ಯಾಕೆ ತನ್ನ ಬೆನ್ನನ್ನೇ ನೋಡಿ ನಗುತ್ತಿದ್ದರೆಂದು ಅವರಿಗೆ ಆಗ ತಿಳಿಯಿತು. ಬಿಣಗಾ ದಾಟುವಾಗ ಆಕೆ, ನಿಮ್ಮ ಬೆನ್ನು ಇಪ್ಪತ್ತೆಂಟೂವರೆ ಎಂದಿದ್ದರಂತೆ. ಇವರು ಸೀಟಿನ ನಂಬರು ಎಂದುಕೊಂಡು ಅಲ್ಲ ಎಂದು ವಾದ ಮಾಡಿದ್ದರು. ಭಾವನಿಗೆ ವಿಷಯ ತಿಳಿಸಿದಾಗ ಅವರು ಇಪ್ಪತ್ತೆಂಟೂವರೆಯನ್ನು ಮೊದಲು ಬರೆದುಕೊಂಡರು, ಆಮೇಲೆ ನಕ್ಕರು.

ಇಷ್ಟೆಲ್ಲ ಟೇಪುಗಳ ಪರೀಕ್ಷೆ ಯಾರ ಮೇಲೆ ನಡೆಯುತ್ತಿತ್ತು ಅಂತೀರಿ? ಪಾಪ, ಅಕ್ಕನ ಮೇಲೆ. ಅಕ್ಕನ ಸೊಂಟ ಮೂವತ್ತಾರು. ಸೂರ್ಯ ಪೂರ್ವಕ್ಕೆ ಹುಟ್ಟುವುದರಲ್ಲಿ ಭಾವನಿಗೆ ಅನುಮಾನವಿದ್ದೀತು, ಇದರಲ್ಲಿ ಇಲ್ಲ. ಪ್ರತಿ ತಿಂಗಳ ಮೊದಲ ದಿನ ಅಡುಗೆಮನೆಯ ಬಾಗಿಲಲ್ಲಿ ಅವಳನ್ನು ನಿಲ್ಲಿಸಿ ಅಳೆಯುವುದು, ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆಯುವುದು. ಟೇಪು ಮೂವತ್ತಾರು ತೋರಿಸಿದರೆ ಪಾಸು, ಇಲ್ಲದಿದ್ದರೆ ಅದನ್ನು ಬಚ್ಚಲ ಒಲೆಗೆ ಹಾಕುವುದು. ಕೈಯಲ್ಲಿ ಸೌಟು ಹಿಡಿದೇ ಅಕ್ಕ ನಿಂತು ಕೊಡುತ್ತಿದ್ದಳು. ಗಂಡನ ಹುಚ್ಚು ಸೊಂಟದವರೆಗೆ ಬಂದಿದೆ, ತಲೆಗೇರದಿದ್ದರೆ ಸಾಕು ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದಳು.

ಇನ್ನು ಕಳೆದ ಮಳೆಗಾಲದ ಕಥೆಗೆ ಬರುತ್ತೇನೆ. ಅಂಕೋಲೆಯ ಮಳೆಗಾಲದಲ್ಲಿ ಅಂಗಡಿಯ ಟೇಪುಗಳೆಲ್ಲ ಬೂಷ್ಟು ಹಿಡಿದು, ಸುರುಳಿಯಾಗಿ, ಬಿರುಕು ಬಿಡುತ್ತವೆ. ಹಾಗಾಗದ ಒಂದು ಶಾಶ್ವತ ಟೇಪು ಮಾಡುವುದು ಭಾವನ ಜೀವಮಾನದ ಕನಸು. ಮಳೆ ಶುರುವಾಗುವ ಹೊತ್ತಿಗೆ ಅದು ಸಿದ್ಧವಾಯಿತು. ಬ್ಲೌಸಿನ ಕುತ್ತಿಗೆಗೆ ಹಾಕಲು ದರ್ಜಿಗಳು ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮಾಡುವ ಕ್ರಾಸ್ ಪಟ್ಟಿ ಇದೆಯಲ್ಲ, ಅದೇ ರೀತಿ ಗಟ್ಟಿ ನೈಲಾನ್ ಬಟ್ಟೆಯಿಂದ ಉದ್ದನೆಯ ಪಟ್ಟಿ ಕತ್ತರಿಸಿದರು. ಮಡಚಿ ಹೊಲಿದರು. ಸ್ಟೀಲಿನ ಅಳತೆಪಟ್ಟಿ ಪಕ್ಕದಲ್ಲಿಟ್ಟುಕೊಂಡು ಮೂರು ದಿನ ಕೂತು ಒಂದೊಂದು ಗೆರೆಯನ್ನೂ ಅಳಿಸದ ಶಾಯಿಯಲ್ಲಿ ಬರೆದರು. ನೀರಿಗೆ ಹಾಕಿದರೂ ಹಾಳಾಗದು, ಮೈಗೆ ಸುಕ್ಕಿಲ್ಲದೆ ಅಂಟಿಕೊಳ್ಳುತ್ತದೆ. ಅಕ್ಕನ ಸೊಂಟಕ್ಕೆ ಸುತ್ತಿದರು, ಮೂವತ್ತಾರು! ಅಂದು ಮನೆಯಲ್ಲಿ ಪಾಯಸ. ಟೇಪು ಎಂದೂ ಸುರುಳಿಯಾಗದಿರಲೆಂದು ದಿನಾ ಕೆಲಸ ಮುಗಿದ ಮೇಲೆ ಅದನ್ನು ಗೋಡೆಯ ಮೊಳೆಗೆ ನೇತುಹಾಕಿ, ಕೆಳಗಿನ ತುದಿಗೆ ತಮ್ಮ ದೊಡ್ಡ ಕತ್ತರಿ ಕಟ್ಟಿ ಇಡುತ್ತಿದ್ದರು.

ಆಷಾಢ ಬರುವ ಹೊತ್ತಿಗೆ ಊರಿಗೆ ಊರೇ ಸಣ್ಣಗಾಗತೊಡಗಿತು. ಮೊದಲು ಮೂವತ್ತೆಂಟು ಇದ್ದವರು ಮೂವತ್ತೇಳಾದರು. ಗಿರಾಕಿಗಳಿಗೆ ಎಷ್ಟು ಖುಷಿ! ಒಬ್ಬ ಹೆಂಗಸು ಬ್ಲೌಸಿಗೆಂದು ಬಂದು, ತಾನು ಒಂದಿಂಚು ಇಳಿದದ್ದು ಕೇಳಿ ಅದೇ ಖುಷಿಯಲ್ಲಿ ಮೂರು ಬ್ಲೌಸಿಗೆ ಬಟ್ಟೆ ಕೊಟ್ಟು ಹೋದಳು. ಹೊಲಿದ ಬಟ್ಟೆಗಳೂ ಮೈಗೆ ಸರಿಯಾಗಿ ಕೂರುತ್ತಿದ್ದವು, ಒಂದು ದೂರಿಲ್ಲ. ಇದಕ್ಕೆ ಕಾರಣವೇನೆಂದು ಕೇಳಿದರೆ ಭಾವನ ಹತ್ತಿರ ಉತ್ತರ ತಯಾರಿತ್ತು. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ತಾಜಾ ಮೀನಿಲ್ಲ, ಮೀನಿಲ್ಲದೆ ಕರಾವಳಿಯ ಮನುಷ್ಯ ಸೊರಗದೆ ಇನ್ನೇನಾಗುತ್ತಾನೆ? ನನಗೂ ಇದು ನ್ಯಾಯ ಎಂದೇ ತೋರಿತು. ನಾನೇ ಆ ತಿಂಗಳು ಬದನೆಕಾಯಿ ತಿಂದು ಅರ್ಧ ಪ್ರಾಣವಾಗಿದ್ದೆ.

ಆದರೆ ಅಕ್ಕ? ಅವಳು ಬೇಸಗೆಯಲ್ಲೇ ಡಬ್ಬಿ ತುಂಬ ಒಣಮೀನು ತುಂಬಿಟ್ಟುಕೊಂಡವಳು. ಮಳೆಗಾಲದಲ್ಲಿ ಅವಳ ಮನೆಯಲ್ಲಿ ಮೀನಿಗೆ ಬರವಿಲ್ಲ. ಜುಲೈ ಒಂದರಂದು ಅಕ್ಕನ ಸೊಂಟ ಮೂವತ್ತೈದು. ಆಗಸ್ಟಿನಲ್ಲಿ ಮೂವತ್ನಾಲ್ಕೂಕಾಲು. ದೋಣಿಗಳು ಕಡಲಿಗೆ ಇಳಿದವು, ಪೇಟೆಗೆ ಬಂಗಡೆ ಬಂತು, ಅಕ್ಕ ಹೊಟ್ಟೆ ತುಂಬ ತಿಂದಳು. ಸೆಪ್ಟೆಂಬರ್ ಒಂದರಂದು ಮೂವತ್ತಮೂರೂವರೆ. ಹಿಂದೆಲ್ಲ ಟೇಪನ್ನು ಒಲೆಗೆ ಹಾಕುತ್ತಿದ್ದವರು ಈ ಸಲ ಯಾಕೆ ಹಾಕಲಿಲ್ಲ ಎಂದರೆ, ಅದು ಒಮ್ಮೆ ಪರೀಕ್ಷೆಯಲ್ಲಿ ಪಾಸಾಗಿತ್ತಲ್ಲ! ಶಾಶ್ವತ ಟೇಪಿನ ಮೇಲೆ ಭಾವನಿಗೆ ಅನುಮಾನ ಬರುವುದು ಸಾಧ್ಯವೇ ಇರಲಿಲ್ಲ. ಹಾಗಾದರೆ ಅನುಮಾನ ಪಡಲು ಉಳಿದದ್ದು ಅಕ್ಕನ ಮೈ ಒಂದೇ.

ಅವರು ನನಗೆ ಫೋನು ಮಾಡಿದ್ದು ಬೆಳಗಿನ ಹತ್ತು ಗಂಟೆಗೆ, ಹಿತ್ತಲ ಬಾವಿಯ ಹತ್ತಿರ ನಿಂತು. ದನಿ ಎಷ್ಟು ಸಣ್ಣಗಿತ್ತೆಂದರೆ ಕಾಗೆಯ ಕೂಗು ಅವರ ಮಾತಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು. ಮೂರು ತಿಂಗಳಲ್ಲಿ ಎರಡೂವರೆ ಇಂಚು ಹೋಗಿದೆ ಎಂದರು. ಕಾರವಾರದ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು, ಅವಳಿಗೆ ಹೇಳಬಾರದು, ಏನಾದರೂ ನೆಪ ಮಾಡಿ ಕರೆದುಕೊಂಡು ಬರುತ್ತೇನೆ ಎಂದರು. ನಾನು ನಗೆಯಾಡಲು ಬಾಯಿ ತೆರೆದೆ, ಆದರೆ ಆ ಕಡೆ ಭಾವ ಮೂಗು ಒರೆಸಿಕೊಂಡ ಸದ್ದು ಕೇಳಿ ಬಾಯಿ ಮುಚ್ಚಿಕೊಂಡೆ. ನನಗೆ ಇರುವವಳು ಒಬ್ಬಳೇ ಅಕ್ಕ.

ಮಾರನೆಯ ದಿನ ಅಕ್ಕನ ಫೋನು. ಅವಳೂ ಪಿಸುಮಾತಿನಲ್ಲೇ! ಭಾವನಿಗೆ ಏನೋ ಆಗಿದೆಯಂತೆ. ಎರಡು ತಿಂಗಳಿಂದ ಜಗಳವೇ ಆಡುತ್ತಿಲ್ಲ. ತಾವೇ ಎದ್ದು ತರಕಾರಿ ಹೆಚ್ಚುತ್ತಾರೆ. ಮೀನಿನ ನಡುತುಂಡು ಇವಳ ತಟ್ಟೆಗೆ ಹಾಕಿ ತಾವು ತಲೆ ಬಾಲ ತಿನ್ನುತ್ತಾರೆ. ಇವಳು ಮಲಗಿದರೆ ಪಕ್ಕದಲ್ಲಿ ಕೂತು ನೋಡುತ್ತಾರೆ. ನನಗೆ ನಗು ಬಂತು. ಆದರೆ ಅವಳ ಮುಂದಿನ ಮಾತು ಕೇಳಿ ನನ್ನ ಕೈಯ ಚಹಾ ಹಾಗೇ ಉಳಿಯಿತು.

"ಆರು ವಾರದಿಂದ ಒಂದೇ ಒಂದು ಹೊಸ ಟೇಪು ಮಾಡ್ಲಿಲ್ಲ ತಮ್ಮಾ" ಎಂದಳು ಅಕ್ಕ. "ಇವ್ರಿಗೆ ಎಂತದೋ ದೊಡ್ಡದೇ ಆಗದೆ."

ಈಗ ಹೇಳಿ, ನಾನು ಯಾರನ್ನು ನಂಬಲಿ? ಇಬ್ಬರಿಗೂ ಒಂದೇ ದಿನ ಹೇಳಿದೆ. ಭಾವನಿಗೆ, ಅಕ್ಕನನ್ನು ಕರೆತನ್ನಿ ಎಂದೆ. ಅಕ್ಕನಿಗೆ, ಭಾವನನ್ನು ಕರೆದುಕೊಂಡು ಬಾ ಎಂದೆ. ಅಸ್ತರದ ಬಟ್ಟೆ ತರಲಿಕ್ಕೆ ಕಾರವಾರಕ್ಕೆ ಹೋಗಬೇಕು ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡರಂತೆ. ಎಂದೂ ಒಂದು ಮಾತಿಗೆ ಒಪ್ಪದ ಗಂಡ ಹೆಂಡತಿ ಅಂದು ಒಂದೇ ಮಾತಿಗೆ ಒಪ್ಪಿ ಬಸ್ಸು ಹತ್ತಿದರು. ಸ್ಟ್ಯಾಂಡಿನಿಂದ ನಾನು ಆಸ್ಪತ್ರೆಯ ಕಡೆ ತಿರುಗಿದಾಗ, ಮತ್ತೊಬ್ಬರಿಗೆ ಅನುಮಾನ ಬಾರದಿರಲೆಂದು ಇಬ್ಬರೂ ಏನೂ ಕೇಳದೆ ಹಿಂದೆ ಬಂದರು.

ಆಸ್ಪತ್ರೆಯ ಚೀಟಿ ಮಾಡುವ ಕಿಟಕಿಯಲ್ಲಿ ಕೂತವಳು ಪೇಷಂಟ್ ಯಾರು ಎಂದು ಕೇಳಿದಳು. ಅಕ್ಕ ಭಾವನ ಕಡೆ ಕೈ ತೋರಿಸಿದಳು, ಭಾವ ಅಕ್ಕನ ಕಡೆ ತೋರಿಸಿದರು. ತೋರಿಸಿದ ಕೈ ಹಾಗೆಯೇ ಉಳಿಯಿತು. ಹಿಂದೆ ಸಾಲಿನಲ್ಲಿ ಹತ್ತು ಜನ. ಕಿಟಕಿಯವಳು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿ ಕೊನೆಗೆ ನನ್ನ ಹೆಸರು ಕೇಳಿದಳು. ನಾನು ಎರಡು ಚೀಟಿ ಮಾಡಿಸಿದೆ. ನನ್ನನ್ನು ಯಾಕೆ ತೋರಿಸಿದಿರಿ, ನಿನ್ನನ್ನಲ್ಲದೆ ಮತ್ತೆ ಯಾರನ್ನು ಎಂದು ಇಬ್ಬರೂ ಡಾಕ್ಟರ ಬಾಗಿಲವರೆಗೂ ವಾದ ಮಾಡುತ್ತ ಹೋದರು. ಎರಡು ತಿಂಗಳ ಬಾಕಿ ಜಗಳ ಅಲ್ಲಿ ತೀರಿತು.

ಡಾಕ್ಟರು ಮೂವತ್ತು ದಾಟದ ಹುಡುಗಿ. ಭಾವ ಅಳತೆ ಪುಸ್ತಕದ ಕೊನೆಯ ಪುಟ ತೆರೆದು ಮೇಜಿನ ಮೇಲಿಟ್ಟರು. ಇಂಥ ಕಡತ ಆಕೆಯ ಮುಂದೆ ಹಿಂದೆಂದೂ ಬಂದಿರಲಿಕ್ಕಿಲ್ಲ. ಅಕ್ಕನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎರಡು ಕಿಲೋ ಹೆಚ್ಚಾಗಿದ್ದೇನೆ, ಬೇಸಗೆಯ ಆರೋಗ್ಯ ಶಿಬಿರದಲ್ಲಿ ಇಷ್ಟಿರಲಿಲ್ಲ ಎಂದು ಅಕ್ಕನೇ ಹೇಳಿದಳು. ಭಾವ ಬಗ್ಗಿ ಯಂತ್ರದ ಅಡಿ ನೋಡಿದರು. ನೆಲ ಸಮವಿಲ್ಲ ಎಂದರು. ರಕ್ತ ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿ, ಏನಿದೆಯೋ ಎಲ್ಲ ಮಾಡಿ ಎಂದು ಕೈ ಮುಗಿದರು. ಅವರ ಮುಖ ನೋಡಿ ಡಾಕ್ಟರು ಸುಮ್ಮನೆ ಬರೆದುಕೊಟ್ಟರು. ಅಕ್ಕ ಹಟ ಹಿಡಿದು ಭಾವನಿಗೂ ಬರೆಸಿದಳು.

ಮಧ್ಯಾಹ್ನ ಮೂರು ಗಂಟೆಯವರೆಗೆ ಬೆಂಚಿನ ಮೇಲೆ ಕಾದೆವು. ನಾನು ಹಾಳು ಯೋಚನೆಗಳನ್ನೆಲ್ಲ ಮಾಡಿ ಮುಗಿಸಿದೆ. ಮಣಿಪಾಲಕ್ಕೆ ಹೋಗಬೇಕಾದೀತೇ, ರಜೆ ಎಷ್ಟು ಉಳಿದಿದೆ, ಅಕ್ಕ ಇಲ್ಲದ ಅಂಕೋಲೆಗೆ ನಾನು ಯಾಕೆ ಹೋಗಬೇಕು ಎಂದೆಲ್ಲ. ಭಾವ ಕೊರಳಲ್ಲಿ ನೇತಾಡುತ್ತಿದ್ದ ಶಾಶ್ವತ ಟೇಪನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಆಸ್ಪತ್ರೆಗೆ ಬರುವಾಗಲೂ ಅದನ್ನು ತೆಗೆದಿಡಲು ಮರೆತಿದ್ದರು.

ವರದಿ ಬಂತು. ಅಕ್ಕನಿಗೆ ಏನೂ ಇಲ್ಲ. ಭಾವನಿಗೆ ಸ್ವಲ್ಪ ಬಿ.ಪಿ., ಅದೂ ಇವತ್ತಿನದೇ ಇರಬೇಕು ಎಂದರು ಡಾಕ್ಟರು. ಏನೂ ಇಲ್ಲ! ಆದರೆ ಭಾವ ಒಪ್ಪಬೇಕಲ್ಲ? ಮತ್ತೆ ಎರಡೂವರೆ ಇಂಚು ಎಲ್ಲಿ ಹೋಯಿತು ಎಂದರು. ಡಾಕ್ಟರು ಮೇಜಿನ ಖಾನೆಯಿಂದ ಒಂದು ಸಾದಾ ಟೇಪು ತೆಗೆದು ಅಕ್ಕನ ಸೊಂಟಕ್ಕೆ ಸುತ್ತಿದರು. ಮೂವತ್ತಾರೂವರೆ.

"ನಿಮ್ಮ ಟೇಪು ಸರಿ ಇಲ್ಲ" ಎಂದು ಭಾವ ಡಾಕ್ಟರಿಗೆ ಹೇಳಿದರು.

ಆಕೆ ನಕ್ಕು ಎರಡೂ ಟೇಪುಗಳನ್ನು ಪರೀಕ್ಷೆಯ ಮಂಚದ ಮೇಲೆ ಅಕ್ಕಪಕ್ಕ ಹಾಸಿದರು. ಭಾವನ ಮೂವತ್ತಮೂರೂವರೆ ಆಕೆಯ ಮೂವತ್ತಾರೂವರೆಯ ಎದುರಿಗೆ ಬಂದು ನಿಂತಿತ್ತು. ಹೊಲಿಗೆ ಕಲಿಯುವವರಿಗೆ ಮೊದಲ ವಾರವೇ ಗೊತ್ತಾಗುವ ಒಂದು ವಿಷಯವಿದೆ. ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಎಳೆದರೆ ಹಿಗ್ಗುತ್ತದೆ. ಹಿಗ್ಗಲಿ ಎಂದೇ ಅದನ್ನು ಕುತ್ತಿಗೆಗೆ ಹಾಕುವುದು. ಮೂವತ್ತು ವರ್ಷ ಹೊಲಿದ ದರ್ಜಿ ಅದನ್ನು ಮರೆತು, ಮೇಲಿಂದ ಮೂರು ತಿಂಗಳು ದಿನಾ ಅದಕ್ಕೆ ಕತ್ತರಿ ಕಟ್ಟಿ ನೇತುಹಾಕಿದ್ದರು! ಟೇಪು ಉದ್ದವಾದಷ್ಟೂ ಊರಿನ ಸೊಂಟಗಳು ಪುಸ್ತಕದಲ್ಲಿ ಇಳಿದವು. ಅಳೆದದ್ದೂ ಅದರಲ್ಲೇ, ಕತ್ತರಿಸಿದ್ದೂ ಅದರಲ್ಲೇ, ಹಾಗಾಗಿ ಅಂಗಿ ಬ್ಲೌಸುಗಳು ಸರಿಯಾಗಿಯೇ ಬಂದವು. ಯಾರಿಗೂ ಗೊತ್ತಾಗಲಿಲ್ಲ.

ಅಕ್ಕನ ಬಾಯಿಗೆ ಮಾತು ಬಂತು. "ಹಳೇ ಬ್ಲೌಸಿನ ಹುಕ್ಕು ಹಾಕೂಕೇ ಬರೂದಿಲ್ಲ ನಂಗೆ. ದಪ್ಪ ಆಗ್ತಿದ್ದೆ ಅಂತ ನಾ ಅಳ್ತಿದ್ದೆ, ಸಣ್ಣ ಆಗ್ತಿದ್ದೆ ಅಂತ ಇವ್ರು" ಎಂದಳು. ಡಾಕ್ಟರು ಮುಖ ಆಚೆ ತಿರುಗಿಸಿ ನಕ್ಕರು. ಹೊರಗೆ ಬಂದಾಗ ಬಿಸಿಲಿತ್ತು. ಕಡಲ ಗಾಳಿ ಬೀಸುತ್ತಿತ್ತು. ನನಗೆ ದಾರಿಯಲ್ಲಿ ಹೋಗುವ ರಿಕ್ಷಾದವನಿಗೂ ಕೈ ಮುಗಿಯಬೇಕು ಅನ್ನಿಸುತ್ತಿತ್ತು.

ಹತ್ತಿರದ ಹೋಟೆಲಿನಲ್ಲಿ ಕೂತು ಬನ್ಸು, ಚಹಾ ಹೇಳಿದೆವು. ನನಗೆ ಭಯವೆಲ್ಲ ಇಳಿದು ಈಗ ಸಿಟ್ಟು ಬಂದಿತ್ತು, ಸಿಟ್ಟಿನ ಜೊತೆ ನಗು. ಭಾವನನ್ನು ಚೆನ್ನಾಗಿಯೇ ಆಡಿಕೊಂಡೆ. ಇಡೀ ತಾಲೂಕಿನ ಕೊಬ್ಬು ಕರಗಿಸಿದ ಟೇಪನ್ನು ಪೇಟೆಯಲ್ಲಿ ಮಾರಿ, ದೊಡ್ಡ ಹೆಸರು ಬರುತ್ತದೆ ಎಂದೆ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊನೆಗೆ, ಎರಡು ತಿಂಗಳು ಒಬ್ಬರೇ ಹೆದರಿಕೊಂಡು ಸಾಯುವ ಬದಲು ಅಕ್ಕನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿರಲಿಲ್ಲವೇ ಭಾವ ಎಂದೆ.

ಭಾವ ಚಹಾದ ಲೋಟವನ್ನೇ ನೋಡುತ್ತಿದ್ದರು.

"ನಿಮ್ಮ ಆಯಿ ಇದ್ದಾಗ ಅವ್ರ ಬ್ಲೌಸು ಬಿಗಿ ಮಾಡೂಕೆ ನೀನು ತಂದುಕೊಡ್ತಿದ್ಯಲ್ಲ ತಮ್ಮಾ, ಮೂರು ಸಲ" ಎಂದರು. "ಮೊದಲನೇ ಸಲ ಅರ್ಧ ಇಂಚು ಹಿಡಿದೆ. ಆಮೇಲೆ ಒಂದು. ಮೂರನೇ ಸಲ ಒಂದೂವರೆ. ಬೇರೆ ಯಾರಿಗೂ ಗೊತ್ತಾಗುವ ಮೊದಲು ನನ್ನ ಕೈಗೆ ಗೊತ್ತಾಗಿತ್ತು. ಯಾಕೆ ಅತ್ತೆ ಸಣ್ಣ ಆಗ್ತಿದ್ರಿ, ಆರಾಮಿದ್ರಾ ಅಂತ ಒಂದು ಮಾತು ಕೇಳ್ಲಿಲ್ಲ ನಾನು. ಹೊಲಿದು ಕಳಿಸಿಕೊಟ್ಟೆ. ಈಗ ಇವಳನ್ನ ಕೇಳೂಕೆ ಹೆದರಿಕೆ ಆಯ್ತು."

ಆಯಿ ಎಂದರೆ ನಮ್ಮ ಅಮ್ಮ. ಅವಳು ಹೋಗಿ ಹನ್ನೊಂದು ವರ್ಷ. ರೋಗ ಗೊತ್ತಾಗುವಾಗ ಹೊಟ್ಟೆಯ ತುಂಬ ಹಬ್ಬಿತ್ತು. ಮೂರು ತಿಂಗಳು ಮೊದಲು ಬಂದಿದ್ದರೆ ಎಂದು ಆಗಿನ ಡಾಕ್ಟರು ಹೇಳಿದ್ದರು. ಆ ಬ್ಲೌಸಿನ ಚೀಲವನ್ನು ಚಿತ್ತಾಕುಲದಿಂದ ಅಂಕೋಲೆಗೆ ಮೂರು ಸಲವೂ ಬಸ್ಸಿನಲ್ಲಿ ಹೊತ್ತವನು ನಾನು. ದಿನಾ ಆಯಿಯ ಎದುರು ಕೂತು ಉಂಡವನೂ ನಾನು. ಚೀಲದಲ್ಲಿ ಏನಿದೆ ಎಂದು ಕೂಡ ನೋಡಿರಲಿಲ್ಲ. ಅಕ್ಕ ತನ್ನ ತಟ್ಟೆಯ ಬನ್ಸನ್ನು ಮುರಿದು ಅರ್ಧ ಭಾವನ ತಟ್ಟೆಗೆ, ಅರ್ಧ ನನ್ನ ತಟ್ಟೆಗೆ ಹಾಕಿದಳು.

ಈಗ ಭಾವನ ಕೊರಳಲ್ಲಿ ಪೇಟೆಯಿಂದ ತಂದ ಸಾದಾ ಟೇಪಿದೆ. ಅದಕ್ಕೆ ಬಣ್ಣವಿಲ್ಲ, ಗೆಜ್ಜೆಯಿಲ್ಲ. ಆದರೆ ಸುಧಾರಣೆಯ ಹುಚ್ಚು ಬಿಟ್ಟಿದೆ ಎಂದುಕೊಳ್ಳಬೇಡಿ, ಅದು ಅಳತೆ ಪುಸ್ತಕಕ್ಕೆ ಹತ್ತಿದೆ! ಎದೆ, ಸೊಂಟ, ತೋಳು ಎಂಬ ಸಾಲುಗಳ ಪಕ್ಕ ಒಂದು ಹೊಸ ಸಾಲು ಗೆರೆ ಹಾಕಿಸಿಕೊಂಡಿದೆ. ಗಿರಾಕಿಯ ಅಳತೆ ಹಿಂದಿನದಕ್ಕಿಂತ ಇಳಿದಿರಲಿ, ಏರಿರಲಿ, ಅಷ್ಟೇ ಇರಲಿ, ಭಾವ ಪೆನ್ಸಿಲು ಹಿಡಿದು ಅವರ ಮುಖ ನೋಡಿ ಆರಾಮಿದ್ರಾ ಎಂದು ಕೇಳುತ್ತಾರೆ. ಉತ್ತರ ಬಂದ ಮೇಲೇ ಬರೆಯುವುದು. ಇದರಿಂದ ಒಂದು ಪ್ಯಾಂಟಿನ ಅಳತೆಗೆ ಒಂದು ಗಂಟೆ ಬೇಕಾಗುತ್ತಿದೆ. ಮಂಡಿನೋವಿನವರು, ನಿದ್ದೆ ಬಾರದವರು, ಸೊಸೆಯ ಮೇಲೆ ಸಿಟ್ಟಾದವರು ಎಲ್ಲ ಅಲ್ಲೇ ಕೂತು ಹೇಳಿಕೊಳ್ಳುತ್ತಾರೆ. ಬಟ್ಟೆ ಹೊಲಿಯುವುದು ಯಾವಾಗ ಎಂದು ಅಕ್ಕ ಬೈಯುತ್ತಾಳೆ, ಬೈದು ಅವರಿಗೆ ಚಹಾ ಮಾಡುತ್ತಾಳೆ.

ಮೊನ್ನೆ ಭಾನುವಾರ ಶರ್ಟಿನ ಬಟ್ಟೆ ತೆಗೆದುಕೊಂಡು ಹೋಗಿದ್ದೆ. ಭಾವ ಒಳಗೆ ಕೈ ತೊಳೆಯಲು ಹೋದಾಗ ಆ ಪುಸ್ತಕ ತಿರುವಿ ನೋಡಿದೆ. ಪುಟದ ತುಂಬ ಎಲ್ಲರ ಹೆಸರಿನ ಮುಂದೆ ಭಾವನ ಸಣ್ಣ ಅಕ್ಷರದಲ್ಲಿ ಅದೇ ಮಾತು: ಕೇಳಿದೆ, ಆರಾಮ. ಕೇಳಿದೆ, ಸೊಂಟನೋವು. ಕೇಳಿದೆ, ಡಾಕ್ಟರಿಗೆ ತೋರಿಸಲು ಹೇಳಿದೆ. ಅಕ್ಕನ ಹೆಸರು ಪ್ರತಿ ತಿಂಗಳೂ ಇತ್ತು. ನನ್ನದೂ ಇತ್ತು. ಇಡೀ ಪುಸ್ತಕದಲ್ಲಿ ಇಲ್ಲದ ಹೆಸರು ಒಂದೇ.

ಭಾವ ಹೊರಗೆ ಬಂದಾಗ ಅವರ ಕೊರಳಿಂದ ಟೇಪು ತೆಗೆದುಕೊಂಡೆ. ಕೈ ಎತ್ತಿ ನಿಲ್ಲಿ ಎಂದೆ. ಏನೋ ತಮಾಷೆ ಇರಬೇಕೆಂದು ನಗುತ್ತ ನಿಂತರು. ಸೊಂಟಕ್ಕೆ ಸುತ್ತಿದೆ, ಓದಿದೆ, ಪುಸ್ತಕದಲ್ಲಿ ಅವರ ಹೆಸರು ಬರೆದೆ. ಆಮೇಲೆ ಪೆನ್ಸಿಲು ಹಿಡಿದು ಅವರ ಮುಖ ನೋಡಿದೆ.

"ಭಾವ, ನೀವು ಆರಾಮಿದ್ರಾ?"

ಎತ್ತಿದ ಕೈ ಇಳಿಸುವುದನ್ನು ಅವರು ಮರೆತರು. ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಅಕ್ಕ ಅಲ್ಲೇ ನಿಂತಳು. ಎಷ್ಟು ಹೊತ್ತಾದರೂ ಉತ್ತರ ಬಂದ ಮೇಲೇ ಬರೆಯುವುದೆಂದು ನಾನೂ ಕಾದೆ.